ಸಾವಿನ ವಯಸ್ಸಿಗೂ ಮೈಬಣ್ಣಕ್ಕೂ ಏನು ನಂಟು?

2023ರ ಜುಲೈನಲ್ಲಿ ಬ್ರಿಟನ್ನಿನಲ್ಲಿ ಎರಡು ಅಂಕಿಗಳು ಸುದ್ದಿಯಾದವು: 62 ಮತ್ತು 34. ಇಂಗ್ಲೆಂಡಿನಲ್ಲಿ ಬೌದ್ಧಿಕ ನ್ಯೂನತೆಯುಳ್ಳ ಬಿಳಿಯರು ಸರಾಸರಿ 62ನೇ ವಯಸ್ಸಿನಲ್ಲಿ ತೀರಿಕೊಂಡರೆ, ಅದೇ ನ್ಯೂನತೆಯುಳ್ಳ ಅಲ್ಪಸಂಖ್ಯಾತ ಜನಾಂಗದವರು 34ಕ್ಕೇ ಸಾಯುತ್ತಿದ್ದಾರೆ ಎಂದಿತು ಎನ್‌ಎಚ್‌ಎಸ್ ರೇಸ್ ಅಂಡ್ ಹೆಲ್ತ್ ಅಬ್ಸರ್ವೇಟರಿಯ ವರದಿ.

ಅಮೆರಿಕ ಇಂಥದ್ದೇ ಅಂಕಿಗಳನ್ನು 2001ರಲ್ಲೇ ಕಂಡಿತ್ತು. ಬೌದ್ಧಿಕ ನ್ಯೂನತೆಗೆ ಕಾರಣವಾಗುವ ಡೌನ್ ಸಿಂಡ್ರೋಮ್ ಇದ್ದವರ ಮರಣ ಪ್ರಮಾಣಪತ್ರಗಳನ್ನು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಜಾಲಾಡಿತು. 1968ರಲ್ಲಿ ಬಿಳಿಯರಲ್ಲೂ ಸಾವಿನ ಮಧ್ಯಾಂಕ ವಯಸ್ಸು ಬರೀ 2 ವರ್ಷ. 1997ರ ಹೊತ್ತಿಗೆ ಅದು 50ಕ್ಕೆ ಏರಿತ್ತು. ಕಪ್ಪುವರ್ಣೀಯರಲ್ಲಿ ಮಾತ್ರ 25. ಉಳಿದ ಜನಾಂಗಗಳಲ್ಲಿ 11! ಎಲ್ಲರಲ್ಲೂ ಹೆಚ್ಚಿಗೆ ಇರುವುದು ಅದೇ 21ನೇ ಕ್ರೋಮೋಸೋಮು.

ಆದರೆ ಈ ಬಗೆಯ ಅಂಕಿಯನ್ನು ನೋಡಿದೊಡನೆ ನಂಬಬಾರದು. ಒಂದು ವೃದ್ಧಾಶ್ರಮ, ಒಂದು ವಿದ್ಯಾರ್ಥಿನಿಲಯ ಇವೆಯೆನ್ನಿ. ಆಶ್ರಮದಲ್ಲಿ ಸತ್ತವರ ಸರಾಸರಿ ವಯಸ್ಸು 80, ಹಾಸ್ಟೆಲ್‌ನಲ್ಲಿ 20. ಹಾಗೆಂದು ಹಾಸ್ಟೆಲ್ ಊಟವೇ ಹುಡುಗರನ್ನು ಕೊಲ್ಲುತ್ತಿದೆ ಎನ್ನಲಾದೀತೆ? ಅಲ್ಲಿ ಮುದುಕರೇ ಇಲ್ಲ, ಸತ್ತರೆ ಹುಡುಗರೇ ಸಾಯಬೇಕು. ವಲಸೆ ಬಂದ ಸಮುದಾಯಗಳಲ್ಲಿ ಎಳೆಯರ ಪಾಲು ಹೆಚ್ಚು. 34 ಮತ್ತು 62ರ ನಡುವಿನ ಕಂದಕದಲ್ಲಿ ಎಷ್ಟೋ ಭಾಗ ಈ ಲೆಕ್ಕದ ಆಟವೇ ಇರಬಹುದು.

ಪೂರ್ತಿ ಆಟವಂತೂ ಅಲ್ಲ. 2013ರಲ್ಲಿ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಸತ್ತವರನ್ನು ಎಣಿಸುವ ಬದಲು ಹುಟ್ಟಿದವರನ್ನು ಹಿಂಬಾಲಿಸಿತು. 1983ರಿಂದ 2003ರವರೆಗೆ ಅಮೆರಿಕದ 10 ಪ್ರದೇಶಗಳಲ್ಲಿ ಡೌನ್ ಸಿಂಡ್ರೋಮ್‌ನೊಂದಿಗೆ ಹುಟ್ಟಿದ 16,506 ಮಕ್ಕಳ ಲೆಕ್ಕ ಅದು. ಎಲ್ಲರ ಎಣಿಕೆಯೂ ಸೊನ್ನೆ ವಯಸ್ಸಿನಿಂದಲೇ ಶುರುವಾಗುವುದರಿಂದ ಹಾಸ್ಟೆಲ್ಲಿನ ತಕರಾರು ಇಲ್ಲಿ ನಿಲ್ಲದು. ಆದರೂ ಬದುಕುಳಿಯುವುದರಲ್ಲಿ ಕಪ್ಪು ಮಕ್ಕಳು ಬಿಳಿ ಮಕ್ಕಳಿಗಿಂತ ಹಿಂದೆಯೇ ಇದ್ದರು. ಇಂಥ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ದೋಷ ಇರುತ್ತದೆ. ಶಸ್ತ್ರಚಿಕಿತ್ಸೆ ಯಾವಾಗ, ಎಲ್ಲಿ ಸಿಕ್ಕೀತು ಎಂಬುದು ಜೀವದ ಪ್ರಶ್ನೆ.

ವಯಸ್ಕರ ಕಥೆಯೂ ಭಿನ್ನವಲ್ಲ. ಸಂಶೋಧಕಿ ಸಾಂಡ್ರಾ ಮಗಾನ್ಯಾ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೌದ್ಧಿಕ ನ್ಯೂನತೆಯುಳ್ಳ ಕಪ್ಪು ಮತ್ತು ಲ್ಯಾಟಿನೋ ವಯಸ್ಕರ ಆರೋಗ್ಯ ಅಂಥದ್ದೇ ನ್ಯೂನತೆಯ ಬಿಳಿಯರಿಗಿಂತ ಕೆಟ್ಟದು. ನ್ಯೂನತೆಯಿಲ್ಲದ ತಮ್ಮದೇ ಜನಾಂಗದವರಿಗಿಂತಲೂ ಕೆಟ್ಟದು.

ಇದರ ಮೇಲೆ ವೈದ್ಯರ ಕುರುಡುತನ ಬೇರೆ. ಮಾತು ಬಾರದವನು ತಲೆ ಚಚ್ಚಿಕೊಂಡರೆ ಅವನಿಗೆ ಹಲ್ಲುನೋವಿರಬಹುದು. 'ಅವನು ಇರೋದೇ ಹಾಗೆ' ಎಂದು ಷರಾ ಬರೆದು ಕಳಿಸಿದರೆ ಹಲ್ಲನ್ನು ನೋಡುವವರಾರು? 1982ರಲ್ಲೇ ಮನೋವಿಜ್ಞಾನಿ ಸ್ಟೀವನ್ ರೀಸ್ ಮತ್ತು ಸಂಗಡಿಗರು ಈ ಚಾಳಿಗೆ ಹೆಸರಿಟ್ಟು ತೋರಿಸಿದರು. ಸತ್ತ ಮೇಲೂ ಅದು ಬಿಡುವುದಿಲ್ಲ. ಅಮೆರಿಕದ ಎಷ್ಟೋ ಮರಣ ಪ್ರಮಾಣಪತ್ರಗಳಲ್ಲಿ ಸಾವಿನ ಮೂಲ ಕಾರಣದ ಜಾಗದಲ್ಲಿ ನ್ಯೂಮೋನಿಯಾ, ಹೃದ್ರೋಗಗಳ ಬದಲು ನ್ಯೂನತೆಯ ಹೆಸರೇ ಕೂತಿರುವುದನ್ನು ಸಮಾಜಶಾಸ್ತ್ರಜ್ಞ ಸ್ಕಾಟ್ ಲ್ಯಾಂಡಿಸ್ ಎತ್ತಿ ತೋರಿಸಿದ್ದಾರೆ. ಡೌನ್ ಸಿಂಡ್ರೋಮ್‌ನಿಂದ ಸತ್ತ ಎಂದು ಬರೆಯುವುದನ್ನು ಮೊದಲು ನಿಲ್ಲಿಸಬೇಕು. ಅಲ್ಲಿಯವರೆಗೆ ಯಾವ ಜನಾಂಗದವರನ್ನು ಯಾವ ಕಾಯಿಲೆ ಬೇಗ ಕೊಂಡೊಯ್ಯುತ್ತಿದೆ ಎಂದು ಈ ದಾಖಲೆಗಳಿಂದ ಹೇಳಲಾಗದು.