ಮೇಣ ಕರಗಿದಲ್ಲಿ ಮೂಡುವ ಒಡವೆ

ಕಲ್ಯಾಣವೆಂದೊಡನೆ ನಮಗೆ ನೆನಪಾಗುವುದು ಬಸವಾದಿ ಶರಣರ ಅನುಭವ ಮಂಟಪ. ಅಲ್ಲಿ ಕಾಯಕದ ಮಹಿಮೆ ಕೇಳಿಬರುವುದಕ್ಕೆ ಕೆಲವು ದಶಕಗಳ ಮುನ್ನ ಅದೇ ಪಟ್ಟಣದಿಂದ ಆಳಿದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು (ಕ್ರಿ.ಶ. 1126–1138) ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಜೇನುಮೇಣದ ಮಾದರಿಯಿಂದ ಲೋಹದ ಮೂರ್ತಿಯನ್ನು ಎರಕ ಹೊಯ್ಯುವ ಕ್ರಮವು ಅದರಲ್ಲಿ ವಿವರವಾಗಿದೆ. ಮಧೂಚ್ಛಿಷ್ಟ ವಿಧಾನವೆಂದು ಅದಕ್ಕೆ ಹೆಸರು. ಮಧೂಚ್ಛಿಷ್ಟವೆಂದರೆ ಜೇನುಮೇಣವೇ. ಮೂರ್ತಿಗೆ ಸಲ್ಲುವ ಈ ಕ್ರಮವು ಉಂಗುರಕ್ಕೂ ಪದಕಕ್ಕೂ ಸಲ್ಲುತ್ತದೆ. ತಾಳ್ಮೆಯುಳ್ಳವರು ಮನೆಯ ಹಿತ್ತಿಲಿನಲ್ಲಿಯೇ ಇದನ್ನು ಅಭ್ಯಾಸ ಮಾಡಬಹುದು.

ಮೇಣದಿಂದ ಅಚ್ಚಿಗೆ

ಮೊದಲು ಮೇಣದಲ್ಲಿ ಒಡವೆಯನ್ನು ರೂಪಿಸಬೇಕು. ತೀರ ತೆಳುವಾದ ಭಾಗಗಳಿಗೆ ಲೋಹ ಹರಿಯದು. ಆದುದರಿಂದ ಮೊದಲ ಯತ್ನಕ್ಕೆ ಸಾದಾ, ತುಸು ದಪ್ಪನೆಯ ಉಂಗುರವೇ ಲೇಸು. ಅದಕ್ಕೆ ಮೇಣದ ಕಡ್ಡಿಯೊಂದನ್ನು ಅಂಟಿಸಿ, ಅದರ ತುದಿಯನ್ನು ಆಲಿಕೆಯಂತೆ ಅಗಲಿಸಬೇಕು. ಮುಂದೆ ಲೋಹವು ಇಳಿಯುವ ದಾರಿ ಅದೇ.

ಬಳಿಕ ಮಣ್ಣಿನ ಲೇಪ. ನುಣುಪಾದ ಜೇಡಿಮಣ್ಣಿಗೆ ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಉಪ್ಪು ಸೇರಿಸಿ ಅರೆದು, ಮೂರು ಸಲ ಲೇಪಿಸಬೇಕೆಂದು ಮಾನಸೋಲ್ಲಾಸ ಹೇಳುತ್ತದೆ. ಮೊದಲ ಲೇಪ ತೆಳ್ಳಗೆ, ಕೊನೆಯದು ದಪ್ಪಗೆ. ಒಂದೊಂದು ಲೇಪವೂ ನೆರಳಿನಲ್ಲಿ ಪೂರ್ತಿ ಒಣಗಬೇಕು. ಒಣಗಿದ ಅಚ್ಚನ್ನು ಬಾಯಿ ಕೆಳಗಾಗಿಟ್ಟು ಮೆಲ್ಲಗೆ ಕಾಯಿಸಿದರೆ ಮೇಣ ಕರಗಿ ಇಳಿಯುತ್ತದೆ. ಉಳಿದ ಅಂಶವೂ ಉರಿದುಹೋಗುವಂತೆ ಅಚ್ಚು ಕೆಂಪಗಾಗುವವರೆಗೆ ಕಾಯಿಸಿ, ಬಿಸಿಯಿರುವಾಗಲೇ ಮೂಸೆಯಲ್ಲಿ ಕರಗಿದ ಬೆಳ್ಳಿಯನ್ನು ಸುರಿಯಬೇಕು. ಶುದ್ಧ ಬೆಳ್ಳಿಯು ಸುಮಾರು 962 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುತ್ತದೆ. ಆರಿದ ಮೇಲೆ ಅಚ್ಚನ್ನು ಒಡೆದರೆ ಒಡವೆ ಹೊರಬರುತ್ತದೆ. ಒಂದು ಮೇಣಕ್ಕೆ ಒಂದೇ ಒಡವೆ. ಕೆಟ್ಟರೆ ಮತ್ತೆ ಮೇಣದಿಂದಲೇ ಆರಂಭ.

ತೂಕದ ಸತ್ಯ

ಮಣ್ಣು ಮೆತ್ತುವ ಮುನ್ನ ಮೇಣವನ್ನು ತೂಗಬೇಕೆಂಬುದು ಈ ವಿದ್ಯೆಯ ಜೀವಾಳ. ಮೇಣದ ತೂಕದ 12 ಪಟ್ಟು ಬೆಳ್ಳಿ, 16 ಪಟ್ಟು ಬಂಗಾರ ಬೇಕೆಂಬುದು ಮಾನಸೋಲ್ಲಾಸದ ಲೆಕ್ಕ. ಬೆಳ್ಳಿಯು ಮೇಣಕ್ಕಿಂತ ಸುಮಾರು 11 ಪಟ್ಟು ಭಾರವೆಂಬುದು ಇಂದಿನ ವಿಜ್ಞಾನದ ಲೆಕ್ಕ; ಹಳೆಯ ಮಾತು ಎಷ್ಟು ಸಮೀಪ ಬಂದಿದೆ ನೋಡಿ! ಕಡ್ಡಿಯೂ ಸೇರಿ ಮೇಣ 2 ಗ್ರಾಂ ಇದ್ದರೆ 24 ಗ್ರಾಂ ಬೆಳ್ಳಿ ಸಾಕು. ಎರಕ ಮುಗಿದ ಮೇಲೆ ಒಡವೆ, ಕತ್ತರಿಸಿದ ಕಡ್ಡಿ, ಉಳಿದ ಚೂರು, ಅರದ ಪುಡಿ ಎಲ್ಲವನ್ನೂ ಕೂಡಿಸಿ ತೂಗಿದರೆ ಹಾಕಿದ ಬೆಳ್ಳಿಯ ಲೆಕ್ಕ ಬಹುಮಟ್ಟಿಗೆ ಸಿಕ್ಕಬೇಕು. ಮಾಡಿಸುವವರಿಗೂ ಮಾಡುವವರಿಗೂ ನಡುವೆ ಸಂಶಯಕ್ಕೆ ಎಡೆಯಿಲ್ಲ. ಶರಣ ಕಿನ್ನರಿ ಬೊಮ್ಮಯ್ಯನು ಮೊದಲು ಅಕ್ಕಸಾಲೆಯ ವೃತ್ತಿಯವನಾಗಿದ್ದನೆಂಬ ಪ್ರತೀತಿಯುಂಟು. ಕಾಯಕದಲ್ಲಿ ಸತ್ಯಶುದ್ಧತೆಯನ್ನು ಬಯಸಿದ ಪರಂಪರೆ ನಮ್ಮದು. ತಕ್ಕಡಿಯ ಮುಂದೆ ಅದನ್ನು ಮರೆಯಲಾಗದು.

ಮರೆಯಬಾರದ ಎಚ್ಚರಿಕೆ

ಅಚ್ಚಿನಲ್ಲಿ ಹಸಿ ಉಳಿದಿದ್ದರೆ ಕಾದ ಲೋಹ ತಗುಲಿದೊಡನೆ ನೀರು ಆವಿಯಾಗಿ ಸಿಡಿಯುತ್ತದೆ. ಕರಗಿದ ಬೆಳ್ಳಿ ಮೈಮೇಲೆ ಹಾರುತ್ತದೆ. ಅವಸರದಿಂದ ಕಣ್ಣು ಕಳೆದುಕೊಳ್ಳುವಂತಾಗಬಾರದು. ಕೆಲಸವನ್ನು ಅಡುಗೆಮನೆಯಲ್ಲಿ ಮಾಡದೆ ಗಾಳಿಯಾಡುವ ಬಯಲಿನಲ್ಲಿ, ಒಣ ಮರಳು ಹರಡಿದ ತಟ್ಟೆಯ ಮೇಲೆ ಮಾಡಬೇಕು. ಕಣ್ಣಿಗೆ ಕನ್ನಡಕ, ಕೈಗೆ ಚರ್ಮದ ಕೈಗವಸು, ಮೈಗೆ ಹತ್ತಿಯ ಬಟ್ಟೆ ಇರಲಿ, ಮಕ್ಕಳು ದೂರವಿರಲಿ. ಹಿತ್ತಾಳೆಯನ್ನು ಕರಗಿಸಬೇಡಿ; ಅದರಿಂದೇಳುವ ಸತುವಿನ ಹೊಗೆ ಜ್ವರ ತರುತ್ತದೆ. ಕೆಡಿಎಂ ಬೆಸುಗೆಯ ಹಳೆಯ ಒಡವೆಗಳಲ್ಲಿ ಕ್ಯಾಡ್ಮಿಯಂ ಇರುತ್ತದೆ. ಅದರ ಹೊಗೆ ಶ್ವಾಸಕೋಶಕ್ಕೆ ಘೋರ ವಿಷ. ಅಜ್ಜಿಯ ಕಾಲದ ಒಡವೆಯನ್ನು ಎಂದಿಗೂ ಮನೆಯ ಮೂಸೆಗೆ ಹಾಕದೆ, ಶುದ್ಧ ಬೆಳ್ಳಿಯ ಚೂರನ್ನೇ ಕೊಂಡು ಕಲಿಯುವುದು ಒಳ್ಳೆಯದು. ಮೊದಲ ಎರಕದ ದಿನ ಅನುಭವಸ್ಥ ಅಕ್ಕಸಾಲಿಗರೊಬ್ಬರು ಬಳಿಯಲ್ಲಿರಲಿ.

ಅಂಗಡಿಯಲ್ಲಿ ಇದಕ್ಕಿಂತ ನಯವಾದ ಉಂಗುರ ಸಿಗಬಹುದು. ಆದರೆ ಮೇಣವನ್ನು ತಿದ್ದಿ, ಮಣ್ಣು ಒಣಗುವವರೆಗೆ ದಿನಗಟ್ಟಲೆ ಕಾದು, ಬೆಂಕಿಯ ಮುಂದೆ ನಿಂತವರು ಇನ್ನೊಬ್ಬರ ದುಡಿಮೆಯ ಬೆಲೆಯನ್ನು ಅಗ್ಗವಾಗಿ ಕಟ್ಟಲಾರರು. ನಮ್ಮ ಮನೆಯ ಮಕ್ಕಳು ಇಷ್ಟನ್ನು ಕಲಿತರೆ ಶ್ರಮ ಸಾರ್ಥಕವಾಯಿತು.