ತಾಯಿ ಕಾರ್ಡ್ ತಂದಿರಾ?

ತವರಲ್ಲಿ ಬಾಣಂತನ ಮುಗಿಸಿ ಮುಂಬೈಗೋ ಪುಣೆಗೋ ಮರಳುವಾಗ ಮಗುವಿನ ಬಟ್ಟೆಗಂಟಿನ ಜೊತೆ ತಾಯಿ ಕಾರ್ಡನ್ನೂ ಮರೆಯದೆ ತನ್ನಿ. ಕೂಸಿನ ಖರ್ಚಿನಲ್ಲಿ ದೊಡ್ಡ ಉಳಿತಾಯಕ್ಕೆ ದಾರಿ ಅದೇ.

ಹೇಗೆ ಅಂತೀರಾ? ಅದರಲ್ಲಿರುವ ರಾಷ್ಟ್ರೀಯ ಪಟ್ಟಿಯ ಲಸಿಕೆಗಳನ್ನು ನೀವಿರುವ ಊರಿನ ಸರ್ಕಾರಿ ಆಸ್ಪತ್ರೆ, ಆರೋಗ್ಯ ಕೇಂದ್ರಗಳಲ್ಲೂ ಉಚಿತವಾಗಿ ಹಾಕುತ್ತಾರೆ. ಬಿ.ಸಿ.ಜಿ., ಪೋಲಿಯೊ ಅಷ್ಟೇ ಅಲ್ಲ. ಐದು ರೋಗ ತಡೆಯುವ ಪೆಂಟಾವೇಲೆಂಟ್, ಭೇದಿಗೆ ರೋಟಾವೈರಸ್, 2021ರಿಂದ ದೇಶದೆಲ್ಲೆಡೆ ನ್ಯುಮೋನಿಯಾ ತಡೆಯುವ ಪಿ.ಸಿ.ವಿ. ಕೂಡ. ಖಾಸಗಿಯಲ್ಲಿ ಪಿ.ಸಿ.ವಿ. ಡೋಸ್ ಒಂದಕ್ಕೇ ಸಾವಿರಾರು ರೂಪಾಯಿ. ಬೇಕಾದದ್ದು ಮೂರು: 6 ವಾರ, 14 ವಾರ, 9 ತಿಂಗಳಿಗೆ.

ಪುಕ್ಕಟೆ ಎಂದು ಅನುಮಾನ ಬೇಡ. ಪೆಂಟಾ ಚುಚ್ಚಿದ ಮೇಲೆ ಒಂದೆರಡು ದಿನ ಜ್ವರ ಬರಬಹುದು, ರಕ್ಷಣೆ ಮಾತ್ರ ಗಟ್ಟಿ. ಊರು ಬದಲಾಗಿ ಡೋಸ್ ತಪ್ಪಿದ್ದರೆ ಕಾರ್ಡ್ ಹಿಡಿದು ಕೂಡಲೇ ಹೋಗಿ, ನಿಂತಲ್ಲಿಂದ ಮುಂದುವರಿಸುತ್ತಾರೆ.

ಮೊದಲ 6 ತಿಂಗಳು ಎದೆಹಾಲೇ ಸಾಕು, ನೀರೂ ಬೇಡ. ಹಾಲಿನಪುಡಿ ಡಬ್ಬ ವೈದ್ಯರು ಹೇಳಿದರಷ್ಟೇ. ಆಮೇಲೆ ಮನೆಯ ರಾಗಿ ಸರಿ, ಮೆತ್ತಗೆ ಬೆಂದ ಬೇಳೆ-ಅನ್ನ ಇದ್ದೇ ಇದೆ. ಹಗಲಲ್ಲಿ ಹಳೆ ಪಂಚೆಯ ಲಂಗೋಟಿ, ರಾತ್ರಿ ಮತ್ತು ಪ್ರಯಾಣಕ್ಕೆ ಡೈಪರ್.

ಎಲ್ಲಿ ಬೇಕಾದರೂ ಕೈ ಬಿಗಿ ಹಿಡಿಯಿರಿ, ಲಸಿಕೆ ಮಾತ್ರ ಬಿಡಬೇಡಿ. ಅದಕ್ಕೆ ದುಡ್ಡೇ ಬೇಕಿಲ್ಲವಲ್ಲ!