ಬಹುಕಾಲದ ಮೇಲೆ ಮತ್ತೆ ಹಿಮಕ್ಕೆ

ಈಜನ್ನೂ ಸೈಕಲ್ ಸವಾರಿಯನ್ನೂ ಒಮ್ಮೆ ಕಲಿತವನು ಮರೆಯುವುದಿಲ್ಲವೆಂದು ಹೇಳುವುದುಂಟು. ನೀಳವಾದ ಹಲಗೆಗಳನ್ನು ಕಾಲಿಗೆ ಬಿಗಿದು ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀ ವಿದ್ಯೆಗೂ ಈ ಮಾತು ಬಹುಮಟ್ಟಿಗೆ ಸಲ್ಲುತ್ತದೆ. ಹತ್ತು ಹದಿನೈದು ವರ್ಷ ಬಿಟ್ಟಿದ್ದವನೂ ಒಂದೆರಡು ದಿನಗಳಲ್ಲಿ ತಿರುವು ಹಾಕತೊಡಗುತ್ತಾನೆ. ಅಪಾಯವಿರುವುದು ಅಲ್ಲಿಯೇ. ಮರಳಿ ಬಂದಿರುವುದು ನೆನಪು ಮಾತ್ರ. ಆ ನೆನಪನ್ನು ಹೊರತಕ್ಕ ತೊಡೆಯಲ್ಲ, ಮೊಣಕಾಲಲ್ಲ. ಇಪ್ಪತ್ತೈದರ ಮನಸ್ಸು ನಲವತ್ತೈದರ ಕಾಲಿಗೆ ಅಪ್ಪಣೆ ಕೊಡುತ್ತದೆ. ಕಾಲು ಒಲ್ಲೆನೆನ್ನುವಷ್ಟರಲ್ಲಿ ದೇಹ ಅರ್ಧ ಇಳಿಜಾರನ್ನು ದಾಟಿರುತ್ತದೆ.

ಹಿಮವಿಲ್ಲದ ನಾಡಿನವರಿಗೆ ಈ ಚಿಂತೆಯೇಕೆ ಎಂದು ಕೇಳಬಹುದು. ವಿದ್ಯಾರ್ಥಿದೆಸೆಯಲ್ಲಿ ಕಾಶ್ಮೀರದ ಗುಲ್ಮಾರ್ಗಿಗೋ ಗಢವಾಲದ ಔಲಿಗೋ ಹೋಗಿ ಸ್ಕೀ ಕಲಿತವರು, ಹೊರದೇಶದಲ್ಲಿ ಕೆಲವು ಚಳಿಗಾಲ ಕಳೆದು ಬಂದವರು ನಮ್ಮಲ್ಲಿಯೂ ಇದ್ದಾರೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರಂತೂ ಹಿಮದ ಬಯಲಿನಲ್ಲಿ ಸ್ಕೀ ತೊಟ್ಟು ದೂರದೂರ ಸಾಗುವ ಪಂದ್ಯಗಳಲ್ಲಿ ಭಾರತದ ಪರವಾಗಿ ಸ್ಪರ್ಧಿಸಿದ್ದಾರೆ. ಮಕ್ಕಳು ದೊಡ್ಡವರಾಗಿ, ಕೈಯಲ್ಲಿ ಒಂದಿಷ್ಟು ರಜೆ ಉಳಿದಾಗ, ಹಳೆಯ ಆಸೆ ಚಿಗುರುವುದು ಸಹಜವೇ.

ಹಾಗೆ ಚಿಗುರಿದ ಆಸೆಗೆ ಮೊದಲ ನೀರು ಮನೆಯಲ್ಲಿಯೇ ಎರೆಯಬೇಕು. ಸ್ಕೀಯಲ್ಲಿ ತೊಡೆಯ ಸ್ನಾಯು ದೇಹದ ಭಾರವನ್ನು ತಡೆಯುತ್ತಲೇ ನೀಳವಾಗಬೇಕಾಗುತ್ತದೆ. ಮೆಟ್ಟಿಲು ಹತ್ತುವಾಗಿನ ಶ್ರಮ ಬೇರೆ, ಇಳಿಯುವಾಗಿನ ಶ್ರಮ ಬೇರೆ. ಸ್ಕೀಗೆ ಬೇಕಾದುದು ಎರಡನೆಯದು. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ನಿಧಾನವಾಗಿ ಇಳಿಯುವುದಕ್ಕಿಂತ ಒಳ್ಳೆಯ ಅಭ್ಯಾಸ ಬೇರೊಂದಿಲ್ಲ. ಉಳಿದವರಿಗೆ ನಮ್ಮ ಹಳೆಯ ಗರಡಿಮನೆಯ ಬಸ್ಕಿಯೇ ಸಾಕು. ಹೊರಡುವುದಕ್ಕೆ ಆರೆಂಟು ವಾರ ಮೊದಲೇ ಇದನ್ನು ಆರಂಭಿಸತಕ್ಕದ್ದು.

ಎರಡನೆಯದು ಸಲಕರಣೆ. ಅಟ್ಟದ ಮೇಲಿಟ್ಟ ಸ್ಕೀಯ ಉಕ್ಕಿನ ಅಂಚಿಗೆ ಹಿಡಿದ ತುಕ್ಕನ್ನು ಉಜ್ಜಿ ತೆಗೆಯಬಹುದು. ಆದರೆ ಬಹಳ ವರ್ಷ ಇಟ್ಟ ಬೂಟಿನ ಪ್ಲಾಸ್ಟಿಕ್ ಒಳಗೊಳಗೇ ಪೆಡಸಾಗಿ ಇಳಿಜಾರಿನ ನಡುವೆ ಒಡೆಯಬಹುದು. 1990ರ ದಶಕದಿಂದೀಚೆಗೆ ಸ್ಕೀಗಳ ಆಕಾರವೂ ಬದಲಾಗಿದೆ. ಅವು ಗಿಡ್ಡವಾಗಿ, ನಡುವಿನಲ್ಲಿ ಸಣ್ಣಗಾಗಿ, ಸುಲಭವಾಗಿ ತಿರುಗುವಂತಾಗಿವೆ. ಬಾಡಿಗೆಗೆ ಪಡೆಯುವುದೇ ಜಾಣತನ.

ಬಾಡಿಗೆಯ ಅಂಗಡಿಯಲ್ಲಿ ಒಂದು ಸಣ್ಣ ಪರೀಕ್ಷೆಯುಂಟು. ಬೂಟನ್ನು ಸ್ಕೀಗೆ ಹಿಡಿದಿಟ್ಟು, ಬಿದ್ದಾಗ ತಾನೇ ಬಿಟ್ಟುಕೊಡುವ ಬೈಂಡಿಂಗ್ ಎಂಬ ಸಾಧನವನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಳತೆ ಮತ್ತು ಜಾರುವವನ ಪ್ರೌಢಿಮೆಗೆ ತಕ್ಕಂತೆ ಬಿಗಿಗೊಳಿಸುತ್ತಾರೆ. ಐವತ್ತು ತುಂಬಿದವರಿಗೆ ಬಿಗಿ ಒಂದು ಮೆಟ್ಟಿಲು ಕಡಿಮೆ. “ನೀವು ಎಷ್ಟರಮಟ್ಟಿಗೆ ಬಲ್ಲವರು?” ಎಂಬ ಪ್ರಶ್ನೆಗೆ ಹಳೆಯ ಪ್ರತಾಪವನ್ನು ನೆನೆದು ಉತ್ತರಿಸಿದರೆ ಬಿಗಿ ಹೆಚ್ಚಾಗುತ್ತದೆ, ನಿಧಾನವಾಗಿ ಬಿದ್ದಾಗ ಬೂಟು ಬಿಡಿಸಿಕೊಳ್ಳುವುದಿಲ್ಲ, ತಿರುಚಿಕೊಳ್ಳುವುದು ಕಾಲು. ಅಲ್ಲಿ ಹೇಳುವ ಒಂದು ನಿಜ ವೈದ್ಯರ ಹತ್ತು ಔಷಧಿಗಳಿಗಿಂತ ಮೇಲು.

ಇನ್ನು ಕಾಲ ಮತ್ತು ಸ್ಥಳ. ಒಂದೇ ದೀರ್ಘ ಪ್ರವಾಸಕ್ಕಿಂತ ಎರಡು ಕಿರುಪ್ರವಾಸಗಳು ಲೇಸು. ಸ್ನಾಯುಗಳ ನೋವು ಸಾಮಾನ್ಯವಾಗಿ ಎರಡು ಮೂರನೆಯ ದಿನ ಏರುತ್ತದೆ. ನಡುವೆ ಕೆಲವು ವಾರ ದೊರೆತರೆ ದೇಹ ಪಾಠವನ್ನು ಅರಗಿಸಿಕೊಳ್ಳುತ್ತದೆ. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಡುಚಳಿಗೆ ಚಿಲ್ಲೈ ಕಲಾನ್ ಎಂದು ಹೆಸರು. ಅದರ ಕೊನೆಗೆ ಒಂದು ಪ್ರವಾಸ, ಫೆಬ್ರವರಿಯ ಕೊನೆಗೆ ಇನ್ನೊಂದು ಎಂದಿಟ್ಟುಕೊಳ್ಳಬಹುದು. ಟಿಕೀಟು ಕೊಳ್ಳುವಾಗ ಮಾತ್ರ ದಿನ ಬದಲಿಸುವ ಅವಕಾಶವಿರಲಿ. 2024ರ ಜನವರಿಯಲ್ಲಿ ಗುಲ್ಮಾರ್ಗಿನ ಇಳಿಜಾರುಗಳು ಹಿಮವಿಲ್ಲದೆ ಕಂದುಬಣ್ಣದಲ್ಲಿದ್ದವು. 2025ರಲ್ಲಿ ಹಿಮದ ಕೊರತೆಯಿಂದ ಅಲ್ಲಿಯ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೇ ಫೆಬ್ರವರಿಯಿಂದ ಮಾರ್ಚಿಗೆ ಮುಂದೂಡಬೇಕಾಯಿತು.

1927ರಲ್ಲಿ ಆಂಗ್ಲರು ಸ್ಕೀ ಕ್ಲಬ್ ಕಟ್ಟಿದ ಗುಲ್ಮಾರ್ಗ್ ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಮೊದಲ ಪ್ರವಾಸಕ್ಕೆ ಊರಿನ ಬಟ್ಟಲಿನಂಥ ಮೈದಾನದ ಮೆಲ್ಲನೆಯ ಇಳುಕಲೇ ಯೋಗ್ಯ. ಸ್ಕೀಗಳ ತುದಿಯನ್ನು ಕೂಡಿಸಿ, ಹಿಂಬದಿಯನ್ನು ಅಗಲಿಸಿ, ನೇಗಿಲಿನಂತೆ ಹಿಮವನ್ನು ತಳ್ಳಿ ನಿಲ್ಲುವ ಮೊದಲ ಪಾಠವನ್ನೇ ಶಿಕ್ಷಕರೊಬ್ಬರ ಕಣ್ಣಮುಂದೆ ಮತ್ತೆ ಓದಬೇಕು. ಎರಡನೆಯ ಬಾರಿಗೆ ತೂಗುಗಾಡಿಯ ಮೊದಲ ಹಂತವಾದ ಕೊಂಗ್‌ಡೂರಿಯವರೆಗೆ ಹೋಗಬಹುದು. ಬದಲಾವಣೆ ಬೇಕೆಂದವರಿಗೆ ಔಲಿಯ ಇಳಿಜಾರುಗಳಿವೆ. ಆದರೆ 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದಾಗ ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇ ನಿಂತುಹೋದುದನ್ನು ನೆನಪಿಟ್ಟು, ರಸ್ತೆಯ ಪ್ರಯಾಣಕ್ಕೆ ಸಿದ್ಧರಾಗಿಯೇ ಹೊರಡಬೇಕು.

ಗುಲ್ಮಾರ್ಗಿನ ತೂಗುಗಾಡಿಯ ಎರಡನೆಯ ಹಂತ ಅಫರ್ವತ್ ಬೆಟ್ಟದಲ್ಲಿ ಸುಮಾರು 3,980 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಅಲ್ಲಿಯ ಪುಡಿಹಿಮಕ್ಕಾಗಿ ದೇಶದೇಶಗಳಿಂದ ಬರುತ್ತಾರೆ. 2023ರ ಫೆಬ್ರವರಿ 1ರಂದು ಅದೇ ಬೆಟ್ಟದಲ್ಲಿ ಹಿಮಪಾತ ಕುಸಿದು ಪೋಲೆಂಡಿನ ಇಬ್ಬರು ಸ್ಕೀಗಾರರು ಮಡಿದರು. ಮಾರ್ಗದರ್ಶಿಯೂ, ಹಿಮದಡಿ ಸಿಲುಕಿದವರನ್ನು ಹುಡುಕುವ ಸಲಕರಣೆಯೂ, ಅದನ್ನು ಬಳಸುವ ಅಭ್ಯಾಸವೂ ಇಲ್ಲದೆ ಆ ಎತ್ತರದ ಗಡಿ ಮೀರಿದ ಇಳುಕಲಿಗೆ ಕಾಲಿಡಬಾರದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ದಿನದ ಕೊನೆಗೆ “ಇನ್ನೊಂದೇ ಸಲ” ಎಂಬ ಆಸೆ ಏಳುತ್ತದೆ. ಆಗ ಬೆಳಕು ಮಂದವಾಗಿರುತ್ತದೆ, ಹಿಮ ಗಡುಸಾಗತೊಡಗಿರುತ್ತದೆ, ತೊಡೆ ನಡುಗುತ್ತಿರುತ್ತದೆ. ಆ ಒಂದು ಸಲವನ್ನು ಮರುದಿನಕ್ಕೆ ಉಳಿಸಿಟ್ಟವನಿಗೆ ಮರುದಿನವೂ ಉಂಟು, ಮುಂದಿನ ಚಳಿಗಾಲವೂ ಉಂಟು.